ಕಟಕಟೆಯಲ್ಲಿ ನಮ್ಮತ್ತೆಯ ಒಗಟು

ಮದುವೆಯಾಗಿ ನೊಣವಿನಕೆರೆ ಹತ್ತಿರದ ಈ ಮನೆಯ ಹೊಸ್ತಿಲಿಗೆ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, "ಗಂಡನ ಹೆಸರು ಹೇಳಿ ಒಳಗೆ ಬಾ" ಎಂದರು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಕೇಳಿದ ಪ್ರಶ್ನೆಗೆ ನೆಟ್ಟಗೆ ನಿಂತು ಸ್ಪಷ್ಟವಾಗಿ ಉತ್ತರ ಹೇಳುವುದನ್ನೇ ಅಲ್ಲಿ ಕಲಿಸಿದ್ದು. ಹಾಗೆಯೇ ಹೇಳಿಬಿಟ್ಟೆ. ಯಾರೋ "ಅಯ್ಯೋ ಶಿವನೇ" ಎಂದರು. ಇಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿದೇ ಎತ್ತುವುದಿಲ್ಲ, ಮೂರು ನಾಲ್ಕು ಸಾಲಿನ ಒಗಟು ಹೇಳಿ ಅದರ ಕೊನೆಗೆ ಸೇರಿಸುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ಆಗ ಅತ್ತೆ ಆರತಿ ತಟ್ಟೆ ಹಿಡಿದುಕೊಂಡೇ ನನ್ನ ಕಿವಿಯ ಹತ್ತಿರ ಬಾಗಿ ಒಂದೊಂದೇ ಸಾಲು ಹೇಳಿಕೊಟ್ಟರು. ನಾನು ಒಪ್ಪಿಸಿದೆ. ಆ ಸಾಲುಗಳನ್ನು ಅವರು ಆಗಲೇ, ನಿಂತ ನಿಲುವಿನಲ್ಲೇ ಕಟ್ಟಿದ್ದರೆಂದು ಆಮೇಲೆ ತಿಳಿಯಿತು.

ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗಳನ್ನು ಇಳಿಸಿ, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವ ದಿನಗಳಲ್ಲಿ ಅವರ ಬಾಯಲ್ಲಿ ಒಗಟುಗಳು ಹುಟ್ಟುತ್ತಿದ್ದವು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಕೇಳಿಸಿಕೊಳ್ಳುತ್ತಲೇ, "ಬರ್ಕೊಳಮ್ಮ" ಎನ್ನುವರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವೆ. ಕಡೆಯ ನಾದಿನಿಯ ಮದುವೆಗೆ ಮಾವ ಅವನ್ನೆಲ್ಲ ತಿಪಟೂರಿನ ಒಂದು ಪ್ರೆಸ್ಸಿನಲ್ಲಿ ಪುಟ್ಟ ಪುಸ್ತಕ ಮಾಡಿಸಿ, ಅತ್ತೆಯ ಹೆಸರು ಹಾಕಿಸಿ, ಬಂದ ಹೆಂಗಸರಿಗೆ ತಾಂಬೂಲದ ಜೊತೆ ಕೊಡಿಸಿದರು. ಗಂಡನ ಹೆಸರು ಬರುವ ಕಡೆಯೆಲ್ಲ ಚುಕ್ಕಿ ಚುಕ್ಕಿ ಬಿಟ್ಟಿತ್ತು, ಯಾರ ಗಂಡನ ಹೆಸರನ್ನು ಯಾರು ಬೇಕಾದರೂ ತುಂಬಿಕೊಳ್ಳಲಿ ಎಂದು. ಮೊದಲನೆಯ ಒಗಟಿನಲ್ಲಿ ಮಾತ್ರ ಮಾವನ ಹೆಸರು ಹಾಗೇ ಉಳಿದಿತ್ತು. ಹದಿನಾರು ವರ್ಷದವರಾಗಿ ಈ ಮನೆಗೆ ಬಂದಾಗ ಅತ್ತೆ ಕಟ್ಟಿದ ಮೊದಲ ಒಗಟು ಅದು. ತೆಗೆಯಲು ಅವರಿಗೆ ಮನಸ್ಸು ಬರಲಿಲ್ಲ.

ಎರಡು ವರ್ಷದ ಮೇಲೆ ಹುಳಿಯಾರಿನಲ್ಲಿ ನಮ್ಮ ನೆಂಟರ ಮದುವೆ. ಬಾಗಿಲು ತಡೆಯುವ ಶಾಸ್ತ್ರದಲ್ಲಿ ಮದುಮಗಳು, ಪಾಪ, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಉಸಿರು ತೆಗೆಯದೆ ಹೇಳಿದಳು. ಕೊನೆಗೆ ಹೇಳಿದ ಹೆಸರು ನಮ್ಮ ಮಾವನದು!

"ಯಾರಮ್ಮ ಅವ್ನು? ನಮ್ಮ ಹುಡುಗನ ಹೆಸರು ಅದಲ್ವಲ್ಲ!" ಎಂದರು ಗಂಡಿನ ಸೋದರತ್ತೆ.

"ಅಗಾ, ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕ್ಕೊಂತಾವ್ರಲ್ಲ, ಅವ್ರೇ ಕಣ್ರೀ!" ಎಂದು ಇನ್ನೊಬ್ಬಾಕೆ ಕೈ ತೋರಿಸಿದರು.

ಚಪ್ಪರವೆಲ್ಲ ನಕ್ಕಿತು. ಮಾವ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ, "ಈ ವಯಸ್ಸಲ್ಲಿ ನಂಗ್ಯಾಕ್ರಪ್ಪ ಹೊಸ ಸಂಬಂಧ? ಮನೇಲಿರೋರು ಸುಮ್ನೆ ಬಿಟ್ಟಾರಾ?" ಎಂದರು.

ಅತ್ತೆ ಮಾತ್ರ ನಗಲಿಲ್ಲ. ಅಳುವಂತಾಗಿದ್ದ ಹುಡುಗಿಯ ಗಲ್ಲ ಹಿಡಿದು, "ಎಲ್ಲಿ ಕಲ್ತೆ ಮಗಾ ಇದ್ನ?" ಎಂದು ಕೇಳಿದರು. ಅವಳ ಟ್ರಂಕಿನಿಂದ ಹಳದಿ ರಟ್ಟಿನ ಒಂದು ಪುಸ್ತಕ ಬಂತು. ಒಳಗೆ ಮೊದಲಿನಿಂದ ಕೊನೆಯವರೆಗೆ ಅತ್ತೆಯ ಒಗಟುಗಳೇ. ಮೇಲೆ, ರಚಿಸಿದವರು ಎಂದು ಬೇರೊಂದು ಊರಿನ ಪ್ರೆಸ್ಸಿನವನ ಹೆಸರು. ಏನು ಕದಿಯುತ್ತಿದ್ದೇನೆಂದು ಓದಿಯೂ ನೋಡದೆ, ಮಾವನ ಹೆಸರಿನ ಸಮೇತ ಅಚ್ಚು ಹಾಕಿದ್ದ.

ಬಸ್ಸಿನಲ್ಲಿ ಬರುವಾಗ ಅತ್ತೆ ಹೇಳಿದರು: "ನಮ್ಮನೆಯವ್ರ ಹೆಸರೂ ಬಿಡ್ಲಿಲ್ಲ ಕಣಮ್ಮ ಅವ್ನು. ನನ್ನ ಹೆಸರು ಮಾತ್ರ ಬಿಟ್ಟವ್ನೆ."

ಅವನಿಗೆ ಕಾಗದ ಬರೆಸಿದರೆ, ಇವು ಊರ ಹೆಂಗಸರ ಬಾಯಲ್ಲಿರುವ ಜನಪದ, ಇದಕ್ಕೆ ಒಡೆಯರು ಯಾರೂ ಇಲ್ಲ ಎಂದು ಉತ್ತರ ಬಂತು. ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿ, "ಕೋರ್ಟಿಗೆ ಹೋಗಾನ" ಎಂದರು.

"ಬುಡು ಅತ್ಲಾಗೆ. ಒಗಟಿಗೆಲ್ಲ ಯಾರಾದ್ರೂ ಕೋರ್ಟಿಗೆ ಹೋಯ್ತಾರಾ?" ಎಂದರು ಮಾವ.

"ತೋಟದ ಬದು ಒಂದಡಿ ಒತ್ತಿದ್ರು ಅಂತ ಮೂರು ವರ್ಷ ಕೋರ್ಟಿಗೆ ಅಲೆದ್ರಲ್ಲ, ಆಗ ನಾನು ಬುಡಿ ಅಂದ್ನಾ?"

ಮಾರನೇ ದಿನ ಮಾವನೇ ತಿಪಟೂರಿನ ವಕೀಲರ ಹತ್ತಿರ ಕರೆದುಕೊಂಡು ಹೋದರು.

ವಕೀಲರು ಎಲ್ಲ ಬಿಡಿಸಿ ಹೇಳಿದರು. ಕೃತಿಯ ಹಕ್ಕು ಕದಿಯುವುದು ಅಪರಾಧವಂತೆ. ಪೊಲೀಸರು ಕೇಸು ಹಾಕಬೇಕೆಂದೇನೂ ಇಲ್ಲ. ಕಟ್ಟಿದವಳೇ ಮ್ಯಾಜಿಸ್ಟ್ರೇಟರ ಮುಂದೆ ನಿಂತು ಖಾಸಗಿ ದೂರು ಕೊಡಬಹುದು. "ಆದ್ರೆ ಅಮ್ಮಾ, ಕೇಸು ನಡೆಸೋರು ನೀವೇ. ಪ್ರತಿ ತಾರೀಖಿಗೂ ನೀವೇ ಬರಬೇಕು. ನೀವು ಬರದಿದ್ರೆ ಅಲ್ಲಿಗೇ ಅವನನ್ನ ಖುಲಾಸೆ ಮಾಡಿಬಿಡಬಹುದು," ಎಂದರು. ಮಠಕ್ಕೆ ಬಿಟ್ಟರೆ ನೆಂಟರ ಮನೆಗೆ, ಇಷ್ಟೇ ಹೋಗಿ ಗೊತ್ತಿದ್ದ ಅತ್ತೆ, "ಬತ್ತೀನಿ" ಎಂದರು.

ಮೊದಲ ದಿನ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಅತ್ತೆ ಗಂಜಿ ಹಾಕಿದ ಗರಿಗರಿ ಸೀರೆಯುಟ್ಟು, ಸೆರಗು ಹೊದ್ದು, ಚಪ್ಪಲಿಯನ್ನು ಕೋರ್ಟಿನ ಬಾಗಿಲ ಹೊರಗೇ ಬಿಟ್ಟು ಒಳಗೆ ಹೋದರು. ಗುಮಾಸ್ತರು ಹೆಸರು ಕೇಳಿದರು, ಹೇಳಿದರು. ವಯಸ್ಸು ಕೇಳಿದರು, ಅಂದಾಜಿಗೆ ಹೇಳಿದರು.

"ಗಂಡನ ಹೆಸರು?"

ಅತ್ತೆ ಸುಮ್ಮನಾದರು. ಗುಮಾಸ್ತರು ಮತ್ತೆ ಕೇಳಿದರು. ಹಿಂದಿನ ಬೆಂಚಿನಿಂದ ಮಾವ ಎದ್ದು ಹೇಳಲು ಹೋದಾಗ ಕೋರ್ಟಿನ ಡವಾಲಿ ಜವಾನ ಕೂರಿಸಿದ. "ಆಕೇನೇ ಹೇಳಬೇಕು," ಎಂದರು ಮ್ಯಾಜಿಸ್ಟ್ರೇಟರು. ಕೇಸು ಇಲ್ಲೇ ಮುಗಿಯಿತು ಎಂದುಕೊಂಡು ನಾನು ನೋಟ್‌ಬುಕ್ಕನ್ನು ಎದೆಗೊತ್ತಿ ಹಿಡಿದೆ. ಅತ್ತೆ ಒಮ್ಮೆ ಸುತ್ತ ನೋಡಿ, ಕಟಕಟೆಯ ಮರದ ಮೇಲೆ ಕೈಯಿಟ್ಟು, ಮನೆಯ ಹೊಸ್ತಿಲಲ್ಲಿ ನಿಂತವರ ಹಾಗೆ ಶುರುಮಾಡಿದರು:

"ಕರಿಕೋಟು ಸಾಲಾಗಿ ಕೂತ ಕಚೇರಿ,
ಕಟಕಟೆ ಹತ್ತೀನಿ ಸುಳ್ಳಿಗೆ ಹೆದರಿ,
ತೆಂಗಿನ ಸಾಲಿಗೆ ನೀರು ಕಟ್ಟೋ ದೊರಿ..."

ಕೊನೆಗೆ ಮಾವನ ಹೆಸರು. ಸೊಸೆಯಾಗಿ ಅದನ್ನು ನಾನು ಇಲ್ಲಿ ಬರೆಯಲಾರೆ. ಗುಮಾಸ್ತರು ಲೇಖನಿ ಎತ್ತಿಹಿಡಿದು, "ಹೆಸರಷ್ಟೇ ಬರ್ಕೊಳ್ಲಾ ಸ್ವಾಮಿ, ಪೂರ್ತಿ ಬರ್ಕೊಳ್ಲಾ?" ಎಂದರು.

"ಆಕೆ ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಳಿ," ಎಂದರು ಮ್ಯಾಜಿಸ್ಟ್ರೇಟರು.

ಪ್ರೆಸ್ಸಿನವನಿಗೆ ಸಮನ್ಸ್ ಹೋಯಿತು. ಆಮೇಲೆ ಒಂದು ವರ್ಷಕ್ಕೂ ಮೀರಿ ತಾರೀಖುಗಳು. ಜ್ವರ ಬಂದಾಗಲೂ ಅತ್ತೆ ಕಿವಿಗೆ ಸೆರಗು ಸುತ್ತಿಕೊಂಡು ಬೆಳಗಿನ ಬಸ್ಸು ಹತ್ತಿದರು. ಎಷ್ಟೋ ಸಲ ಇನ್ನೊಂದು ತಾರೀಖು ಕೊಡಿಸಿಕೊಂಡು ವಾಪಸು ಬಂದಿದ್ದೇವೆ. ಒಮ್ಮೆಯೂ ಅವರು ಗೊಣಗಿದ್ದು ನಾನು ಕೇಳಲಿಲ್ಲ.

ಪಾಟೀಸವಾಲಿನ ದಿನ ಎದುರು ವಕೀಲರು, "ಇವು ಎಲ್ಲ ಹೆಂಗಸರೂ ಹೇಳೋವೇ ಅಲ್ವೇನಮ್ಮ?" ಎಂದು ಕೇಳಿದರು.

"ಹೇಳ್ತಾರೆ ಸ್ವಾಮಿ. ಹೇಳ್ಲಿ ಅಂತ್ಲೇ ಕಟ್ಟಿದ್ದು. ಯಾರನ್ನೂ ಬ್ಯಾಡ ಅಂದಿಲ್ಲ. ಅವ್ರಲ್ಲಿ ಒಬ್ಬಳಾದ್ರೂ ನಾನೇ ಕಟ್ಟಿದ್ದು ಅಂದ್ಲಾ? ನಿಮ್ಮ ಕಡೆಯೋನು ಒಬ್ನೇ ಅಂದಿದ್ದು."

ನನ್ನನ್ನೂ ಸಾಕ್ಷಿಗೆ ಕರೆದರು. ನೋಟ್‌ಬುಕ್ಕನ್ನು ಗುರುತಿಸಿ, ಇದು ನನ್ನ ಕೈಬರಹ, ಮಾತು ಅತ್ತೆಯದು ಎಂದೆ. ಕೆಲವು ಪುಟಗಳಲ್ಲಿ ಕೊಬ್ಬರಿ ಎಣ್ಣೆಯ ಬೆರಳಚ್ಚು ಇತ್ತು. ಮ್ಯಾಜಿಸ್ಟ್ರೇಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

ತೀರ್ಪಿನ ಬೆಳಿಗ್ಗೆ ಹಜಾರದಲ್ಲಿ ಕಾಯುವಾಗಲೇ ಅತ್ತೆ ಮೊದಲ ಸಲ ಹೆದರಿದ್ದು. ತಪ್ಪು ಸಾಬೀತಾದರೆ ಜೈಲೂ ಆಗಬಹುದೆಂದು ವಕೀಲರು ಸಹಜವಾಗಿ ಹೇಳಿದರು. ಎದುರಿನ ಬೆಂಚಿನಲ್ಲಿ ಪ್ರೆಸ್ಸಿನವನ ಪಕ್ಕ ಅವನ ಹೆಂಡತಿ ಕೂತಿದ್ದಳು, ಬಸುರಿ. "ನನ್ನ ಬಾಯಿ ಮಾತಿಗೆ ಒಬ್ಬ ಮನುಷ್ಯ ಒಳಗೆ ಹೋಗ್ತಾನಾ?" ಎಂದು ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಆಮೇಲೆ ವಕೀಲರಿಗೆ, "ಜೈಲು ಬ್ಯಾಡ ಅಂತ ಹೇಳ್ಬುಡಿ. ತಪ್ಪು ಅಂತ ಆದ್ರೆ ಸಾಕು," ಎಂದರು. ಅಷ್ಟು ದೊಡ್ಡ ಅಧಿಕಾರ ಕೈಗೆ ಬಂದಾಗ ಅದನ್ನು ಹಾಗೆ ಮೆಲ್ಲಗೆ ಕೆಳಗಿಟ್ಟವರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ತಪ್ಪು ಎಂದೇ ತೀರ್ಪಾಯಿತು. ದಂಡ ಹಾಕಿದರು. ಮಾರಾಟವಾಗದೆ ಉಳಿದ ಪುಸ್ತಕಗಳೆಲ್ಲ ಅವನ್ನು ಕಟ್ಟಿದಾಕೆಗೇ ಸೇರಬೇಕೆಂದು ಆದೇಶವಾಯಿತು. ಕಾನೂನಿನಲ್ಲಿ ಹಾಗೂ ಒಂದು ಇದೆಯೆಂದು ನಾವ್ಯಾರೂ ಎಣಿಸಿರಲಿಲ್ಲ.

ಹದಿನೈದು ದಿನದ ಮೇಲೆ ಗಾಡಿಯಲ್ಲಿ ಮೂರು ಗೋಣಿಚೀಲ ಬಂದವು. "ಒಲೆಗೆ ಹಾಕಾನ," ಎಂದರು ಮಾವ. "ಒಗಟೇನು ತಪ್ಪು ಮಾಡ್ಯಾವೆ?" ಎಂದು ಅತ್ತೆ ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ಕೂತರು. ನನ್ನ ಪೆನ್ನು ಇಸಿದುಕೊಂಡು, ಹಳದಿ ರಟ್ಟಿನ ಮೇಲಿದ್ದ ಅವನ ಹೆಸರಿಗೆ ಅಡ್ಡಗೆರೆ ಎಳೆದು, ಕೆಳಗೆ ಒತ್ತಿ ಒತ್ತಿ ತಮ್ಮ ಹೆಸರು ಬರೆದರು. ನಾನು ಬರೆದುಕೊಡುತ್ತೇನೆ ಎಂದರೆ ಕೇಳಲಿಲ್ಲ. ಶಾಯಿ ಆರಲೆಂದು ಉಸಿರು ಊದಿ, ತೋಳಿನಷ್ಟು ದೂರ ಹಿಡಿದು ನೋಡಿದರು.

"ಕೊನೇ ಅಕ್ಷರ ಸೊಟ್ಟ ಆಯ್ತು," ಎಂದರು. "ಇನ್ನೊಂದು ಕೊಡು."