ಮೆಣಸಿನಕಾಯಿಯ ಪಕ್ಕದಲ್ಲಿ ನಾಲ್ಕು ಚಿಪ್

ಮಕ್ಕಳೇ, ನಿಮ್ಮ ಅವ್ವನ ಅಂಗಡಿಯಲ್ಲಿ ಈಗ ಚಿಪ್ ಅಳಿಸುವ ದೀಪದ ಪೆಟ್ಟಿಗೆ ಇದೆಯಲ್ಲ, ಅದು ಬರುವ ಮುಂಚೆ ಅದರ ಕೆಲಸವನ್ನು ನಾನೂ ಸೂರ್ಯನೂ ಸೇರಿ ಮಾಡುತ್ತಿದ್ದೆವು.

ಆಗ ನನ್ನ ಮಗಳು ಹಾವೇರಿಯಲ್ಲಿ ಕಲಿತು ಬಂದು, ಬ್ಯಾಡಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರಿಪೇರಿ ಅಂಗಡಿ ಇಟ್ಟು ಎರಡು ತಿಂಗಳಾಗಿತ್ತು. ಬರುತ್ತಿದ್ದುದು ರೇಡಿಯೋ, ಮಿಕ್ಸರ್ ಅಷ್ಟೇ. ಹೆಣ್ಣುಮಗಳ ಕೈಗೆ ದೊಡ್ಡ ಸಾಮಾನು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ಅಂಥದರಲ್ಲಿ ಮೆಣಸಿನಕಾಯಿ ವ್ಯಾಪಾರದ ಸಾವ್ಕಾರರೊಬ್ಬರು ಅಕ್ಷರ ಓಡುವ ದೀಪದ ಬೋರ್ಡ್ ತಂದರು. ಮಾರುಕಟ್ಟೆಯ ಯಾರ್ಡಿನಲ್ಲಿ ಅವರು ಅಂಗಡಿ ಬದಲಿಸಿದ್ದರು. ಬೋರ್ಡಿನಲ್ಲಿ ಹಳೆಯ ಅಂಗಡಿಯ ನಂಬರೇ ಓಡುತ್ತಿತ್ತು.

“ಈ ಸೋಮವಾರ ಬಿಟ್ಟು ಮುಂದಿನ ಸೋಮವಾರದ ಪ್ಯಾಟಿಗೆ ಹೊಸಾ ನಂಬರ್ ಬರಬೇಕು ತಂಗಿ. ಆತಂದ್ರ ಯಾರ್ಡಿನ ಬೋರ್ಡೆಲ್ಲಾ ನಿನ್ನ ಕಡೇನ ಕಳಸ್ತೇನಿ.”

ಬೋರ್ಡ್ ಬಿಚ್ಚಿ ಅವಳು ಬೂದು ಬಣ್ಣದ ಚಿಪ್ ಒಂದನ್ನು ತೋರಿಸಿದಳು. ಎರಡು ಸಾಲು ಕಾಲು, ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿ.

“ಯವ್ವಾ, ಬರಹ ಇದರ ಹೊಟ್ಟ್ಯಾಗ ಐತಿ. ಹಳೇದು ಅಳಿಸದ ಹೊಸಾದು ಬರಿಯಾಕ ಆಗೂದಿಲ್ಲ.”

ಒಳಗಿನ ಬರಹವನ್ನು ಮೊದಲು ಕಂಪ್ಯೂಟರಿಗೆ ಓದಿಸಿ ಇಟ್ಟುಕೊಂಡಳು. ಓದುವ, ಬರೆಯುವ ಸಾಧನವನ್ನು ಹಳೇ ತಂತಿಗಳಿಂದ ತಾನೇ ಕಟ್ಟಿದ್ದಳು. ಅಳಿಸುವ ಪೆಟ್ಟಿಗೆ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಆದರೆ ಕಿಟಕಿಗೆ ಒಂದು ವಾರ ಬಿಸಿಲು ಬಿದ್ದರೂ ಬರಹ ಅಳಿಯುತ್ತದೆ ಎಂದು ಅವಳು ಓದಿದ್ದಳು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ರಾಣೆಬೆನ್ನೂರಿನ ಗುಜರಿಯಿಂದ ಅಂಥವೇ ಮೂರು ತಂದಳು. ದಿನಾ ಬೆಳಿಗ್ಗೆ ನಾಲ್ಕನ್ನೂ ತಾಟಿನಲ್ಲಿಟ್ಟು ಮಾಳಿಗೆಯ ಮೇಲೆ ನಾನು ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕದಲ್ಲಿಟ್ಟು ಅಂಗಡಿಗೆ ಇಳಿಯುತ್ತಿದ್ದಳು.

“ಬಿಸಲಿನ ಕೆಲಸ ನನಗ ಬಿಡು” ಎಂದಿದ್ದೆ. ಸಂಜೆ ತಾಟು ಇಳಿಸುತ್ತಿದ್ದವಳೂ ನಾನೇ.

ಶನಿವಾರ ಸಂಜೆ ನೋಡಿದರೆ ನಾಲ್ಕರಲ್ಲೂ ಹಳೆಯ ಬರಹ ಅರ್ಧಂಬರ್ಧ ಉಳಿದೇ ಇತ್ತು. ಅವಳು ಅಂದು ಊಟ ಮಾಡಲಿಲ್ಲ.

ಮರುದಿನ ಸಾವ್ಕಾರರು ಬಂದರು. ನಾನು ಎಂದಿನಂತೆ ಬಾಗಿಲ ಹಿಂದೆ ನಿಂತಿದ್ದೆ.

“ಏಳ್ ದಿನ ಕಿಟಕಿ ಮ್ಯಾಲ ಮಾಡೇ ಇಟ್ಟೇನ್ರಿ. ಯಾಕ ಅಳಿವಲ್ದೋ ತಿಳಿವಲ್ದು” ಎಂದಳು ನನ್ನ ಮಗಳು.

ಕಿಟಕಿ ಮ್ಯಾಲ ಮಾಡೇ. ಕಿಟಕಿ ಮೇಲ್ಮುಖವಾಗಿಯೇ ಇರಬೇಕೆಂಬುದು ನನಗೆ ತಿಳಿದದ್ದೇ ಆಗ. ಸಾವ್ಕಾರರು ವಾಪಸ್ ಒಯ್ಯಲು ಬೋರ್ಡಿಗೆ ಕೈ ಹಾಕುತ್ತಿದ್ದರು. ಪರಗಂಡಸರ ಮುಂದೆ ಬಾಯಿ ಬಿಡದ ನಾನು ಸೆರಗು ಹೊದ್ದು ಹೊರಗೆ ಬಂದೆ.

“ತಪ್ಪು ಆಕೀದಲ್ರಿ. ದಿನಾ ಬಿಸಲೇರಿದ ಮ್ಯಾಲ ನಾನ ಅವನ್ನ ಬೋರಲ ಹಾಕೇನಿ.”

“ಯಾಕ್ರವಾ?”

“ಕಾಯಿ ಹೊಳ್ಳಿಸಾಕ ಹೋದಾಗ ಅವನ್ನೂ ಹೊಳ್ಳಿಸೀನ್ರಿ. ಒಂದ ಮಗ್ಗಲಾ ಒಣಗಿದ್ರ ಕೆಡತಾವಲ್ರಿ.”

ಮಗಳು ಹಣೆ ಹಿಡಿದುಕೊಂಡಳು. ಸಾವ್ಕಾರರು ನಗುತ್ತ ಅಲ್ಲೇ ಕುಳಿತುಬಿಟ್ಟರು.

“ನಮ್ಮ ಆಳುಗಳು ಇಷ್ಟು ನೆಪ್ಪಿಟ್ಟು ಹೊಳ್ಳಿಸಿದ್ರ ನನ್ನ ಮಾಲು ಯಾಕ ಕೆಡತಿತ್ತು? ಇನ್ನೊಂದ್ ವಾರ ಬೋರ್ಡ್ ಇಲ್ಲದ ಕುಂದ್ರತೇನಿ ಬಿಡ್ರಿ. ಜನ ಕಾಯಿ ನೋಡಿ ಬರ್ತಾರ.”

ಆ ವಾರ ನಾನು ಕಾಯಿಯನ್ನಷ್ಟೇ ಹೊಳ್ಳಿಸಿದೆ. ಗೋಡೆಯ ನೆರಳು ಬಂದಂತೆಲ್ಲ ಮೇಲೆ ಹತ್ತಿ ತಾಟನ್ನು ಸರಿಸಿದೆ. ಶನಿವಾರ ಅವಳು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ತೆರೆಯ ತುಂಬ ಒಂದೇ ಅಕ್ಷರ.

“ಅದು ಎಫ್, ಯವ್ವಾ. ಎಲ್ಲಾ ಎಫ್ ಬಂದ್ರ ಒಳಗ ಖಾಲಿ ಅಂತ.”

ಅಕ್ಕಿಯಲ್ಲಿ ಹರಳು ಹುಡುಕುವಂತೆ ಸಾಲು ಸಾಲಾಗಿ ಬೆರಳಾಡಿಸಿದೆ. ಬೇರೆ ಅಕ್ಷರ ಒಂದೂ ಸಿಗಲಿಲ್ಲ. ಗುಜರಿಯದೊಂದು ಮಾತ್ರ ಹಟ ಬಿಡಲಿಲ್ಲ, ಉಳಿದ ಮೂರೂ ಖಾಲಿಯಾಗಿದ್ದವು.

ಸಾವ್ಕಾರರ ಚಿಪ್‌ಗೆ ಹೊಸ ನಂಬರು ಬರೆದ ಮೇಲೆ, ಬೆಳಕು ಹೋಗದಂತೆ ಕಿಟಕಿ ಮುಚ್ಚಲು ಅವಳು ಏನೋ ಹುಡುಕುತ್ತಿದ್ದಳು. ನಾನು ಹಣೆಗೆ ಹಚ್ಚಿಕೊಳ್ಳುವುದು ಬಿಟ್ಟಿದ್ದ ದೊಡ್ಡ ಟಿಕಳಿಗಳ ಪಾಕೀಟನ್ನು ಟ್ರಂಕಿನಿಂದ ತಂದುಕೊಟ್ಟೆ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

ಸೋಮವಾರ, ಎಂದೂ ಯಾರ್ಡಿಗೆ ಹೋಗದ ನಾನು ಮಗಳ ಹಿಂದೆ ಹೋದೆ. ಘಾಟಿಗೆ ಸೀನುತ್ತಲೇ ಓಡುವ ಕೆಂಪು ನಂಬರನ್ನು ಓದಿದೆ. ಸಾವ್ಕಾರರು ಪಕ್ಕದ ಅಂಗಡಿಯವರಿಗೆ ಕೂಗಿ ಹೇಳಿದರು: “ನಿಮ್ಮ ಬೋರ್ಡೂ ಈ ತಂಗಿಗೆ ಕೊಡ್ರಿ. ಆಕಿ ಅವ್ವಗ ಮಾತ್ರ ಹೊಳ್ಳಿಸಬ್ಯಾಡ್ರಿ ಅಂತ ಹೇಳ್ರಿ.”

ಸಂಜೆಗೆ ನಮ್ಮ ಬಾಗಿಲಲ್ಲಿ ಎರಡು ಬೋರ್ಡ್ ಬಂದು ನಿಂತಿದ್ದವು. ನಾನು ಮಾಳಿಗೆಯ ಮೇಲೆ ತಾಟಿಗೆ ಜಾಗ ಮಾಡಿದೆ.