ದೀಪ ಉರಿಸಿ ನೋಡುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯ ಅಂಗಿಯಲ್ಲಿ ತೂತಿಲ್ಲದ ಜಾಗವನ್ನು ಹುಡುಕಬೇಕಿತ್ತು. ಬ್ಯಾಟರಿಯ ಆಸಿಡ್ ಸಿಡಿದು ಸಿಡಿದು ಎದೆಯಿಂದ ಹೊಟ್ಟೆಯವರೆಗೆ ಖಾಕಿ ಬಟ್ಟೆ ಜರಡಿಯಂತಾಗಿತ್ತು. ಒಳಗಿನ ಬನಿಯನ್ನಿನಲ್ಲೂ ತೂತು, ಅದರೊಳಗಿನ ಚರ್ಮದ ಮೇಲೆ ಬಿಳಿ ಮಚ್ಚೆ. ಬೆರಳ ತುದಿಗಳು ಹಳದಿಯಾಗಿ, ಗೆರೆಗಳೆಲ್ಲ ಸವೆದು ಹುಣಿಸೆ ಬೀಜದಷ್ಟು ನುಣುಪಾಗಿದ್ದವು. ಊಟಕ್ಕೆ ಮುಂಚೆ ಸೋಡಾಪುಡಿ ಕಲಸಿದ ನೀರಿನಲ್ಲಿ ಮೂರು ಸಲ ಕೈ ತೊಳೆದು, ಮೂಸಿ ನೋಡಿ, ಆಮೇಲೆ ಮುದ್ದೆ ಮುರಿಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವನು. ಬೆಳಗ್ಗೆ ಹಸುಗಳ ಹಾಲು ಕರೆದು, ಡೈರಿಗೆ ಹಾಕಿ, ರೈಲು ಹತ್ತಿ ಗಣಿಗೆ ಬರುತ್ತಿದ್ದೆ. ಗಣಿಯ ಹೆಸರು ಇಲ್ಲಿ ಬೇಡ. ಆಗ ನನಗೆ ಇಪ್ಪತ್ತಾರು, ಮದುವೆಯಾಗಿ ಒಂದು ವರ್ಷ. ಸಿಕ್ಕಿದ್ದು ಈ ಮೇಸ್ತ್ರಿಯ ಕೈಕೆಳಗೆ ದೀಪದ ಕೋಣೆಯ ಕೆಲಸ, ಅದೂ ಕಾಯಂ ಅಲ್ಲ. ಗಣಿಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ನಮ್ಮ ಕಿಟಕಿಯಲ್ಲಿ ಕೊಟ್ಟು, ಟೋಪಿಗೆ ಸಿಕ್ಕಿಸುವ ದೀಪವನ್ನೂ ಸೊಂಟಕ್ಕೆ ಕಟ್ಟುವ ಬ್ಯಾಟರಿಯನ್ನೂ ತೆಗೆದುಕೊಂಡು ಹೋಗುತ್ತಿದ್ದ. ಮೇಲೆ ಬಂದಾಗ ದೀಪ ಕೊಟ್ಟು ಬಿಲ್ಲೆ ವಾಪಸ್ ಪಡೆಯುತ್ತಿದ್ದ. ಮೇಸ್ತ್ರಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

"ಏನ್ಲಾ ನಾನೂರ ಹನ್ನೆರಡು, ಮಗೀಗೆ ಜ್ವರ ಬಿಡ್ತಾ?"

"ಇನ್ನೂರ ಆರು, ನಿಮ್ಮಮ್ಮನ್ ಕಣ್ಣು ಆಪರೇಶನ್ ಏನಾಯ್ತು?"

ನಂಬರು ಮಾತ್ರ ಕೂಗಿದರೂ ಮನೆಯೊಳಗಿನ ಸಮಾಚಾರವೆಲ್ಲ ಅವರಿಗೆ ಗೊತ್ತಿರುತ್ತಿತ್ತು.

ಮೊದಲ ದಿನ ನಾನು ಚಾರ್ಜಿನಿಂದ ಇಳಿಸಿದ ಬ್ಯಾಟರಿಗೆ ಮೀಟರು ಹಿಡಿದು, "ಫುಲ್ ಆಗಿದೆ" ಎಂದೆ. ಮೇಸ್ತ್ರಿ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ.

"ಈಗ್ತಾನೆ ಒಟ್ಟೆ ತುಂಬ ನೀರು ಕುಡ್ದವ್ನೂ ಉಂಡವ್ನಂಗೇ ಕಾಣ್ತಾನೆ. ಒಂದ್ ಗಂಟೆ ಬಿಟ್ಟು ನೋಡು. ಆಗ್ಲೂ ಮುಳ್ಳು ನಂಬ್ಬೇಡ, ಗಡಿಯಾರ ನಂಬು."

ಕೋಣೆಯ ಒಳಗೋಡೆಗೆ ಮರದ ಒಂದು ಗೂಡು ಮಾಡಿಸಿದ್ದರು. ದಿನಕ್ಕೆ ಇಪ್ಪತ್ತು ದೀಪಗಳನ್ನು ಪೂರ್ತಿ ಚಾರ್ಜು ಮಾಡಿ ಅದರಲ್ಲಿ ಸಾಲಾಗಿ ಹಚ್ಚಿಡುತ್ತಿದ್ದರು. ಮೇಲೆ ಗಡಿಯಾರ, ಕೆಳಗೆ ಸ್ಲೇಟು. ಬಲ್ಬಿನೊಳಗಿನ ತಂತಿ ಬಿಳಿ ಹೋಗಿ ಕೆಂಪಗಾದ ಕ್ಷಣ ಆರಿಸಿ, ಎಷ್ಟು ಗಂಟೆ ಉರಿಯಿತೆಂದು ಸ್ಲೇಟಿನಲ್ಲಿ ಬರೆದು, ತಡಮಾಡದೆ ಮತ್ತೆ ಚಾರ್ಜಿಗೆ ಹಾಕುತ್ತಿದ್ದರು. "ಕೆಂಪಾದ್ಮೇಲೂ ಬಿಟ್ರೆ ಸತ್ತೋಯ್ತದೆ" ಎನ್ನುತ್ತಿದ್ದರು. ಹೊಸ ಬ್ಯಾಟರಿ ಹನ್ನೊಂದು ಗಂಟೆ ಉರಿಯುತ್ತಿತ್ತು. ಒಂಬತ್ತಕ್ಕಿಂತ ಕಡಿಮೆ ಉರಿದದ್ದನ್ನು ಯಾರಿಗೂ ಕೊಡುತ್ತಿರಲಿಲ್ಲ. ಒಂದೊಂದು ದೀಪಕ್ಕೂ ತಿಂಗಳಿಗೊಮ್ಮೆ ಈ ಪರೀಕ್ಷೆ. ಹೊರಗೆ ಹೊಳಪಾಗಿದ್ದು, ಮೀಟರಿನಲ್ಲಿ ಫುಲ್ ತೋರಿಸಿ, ಗೋಡೆಯ ಮೇಲೆ ಆರು ಗಂಟೆಗೆ ಕೆಂಪಾದ ಎಷ್ಟೋ ಬ್ಯಾಟರಿಗಳನ್ನು ನಾನು ಕಣ್ಣಾರೆ ಕಂಡೆ.

ಇಷ್ಟು ಕಷ್ಟ ಯಾಕೆ ಎಂದು ಒಮ್ಮೆ ಕೇಳಿದ್ದೆ. ಮೇಸ್ತ್ರಿ ಹದಿನೈದು ವರ್ಷ ಗಣಿಯ ಕೆಳಗೇ ದುಡಿದವರು. ದೂಳು ಕುಡಿದು ಉಸಿರು ಸಣ್ಣಗಾದ ಮೇಲೆ ಮೇಲಕ್ಕೆ ಹಾಕಿದ್ದರು.

"ಒಂದ್ಸಲ ನನ್ ದೀಪ ಓಯ್ತು ಕಣ್ಲಾ. ಕಣ್ ಬಿಟ್ರೂ ಅದೇ, ಮುಚ್ಚಿದ್ರೂ ಅದೇ. ಮುಂದ್ಕೆ ಕೈ ಚಾಚಿದ್ರೆ ಗೋಡೆ ಐತೋ ಗುಂಡಿ ಐತೋ ತಿಳೀದು. ಸಾಯಂಕಾಲದವರ್ಗೂ ಕೂತ್ ಕಡೇಲೇ ಕೂತಿದ್ದೆ. ಉಚ್ಚೆನೂ ಅಲ್ಲೇ."

ಆ ಬೇಸಿಗೆಯಲ್ಲಿ ಹೊಸ ಬ್ಯಾಟರಿಗಳು ಬರಲಿಲ್ಲ. ಹಳೆಯವು ಒಂದೊಂದಾಗಿ ಕೈಕೊಟ್ಟವು. ಗೂಡಿನಲ್ಲಿ ಉರಿಯುತ್ತಿದ್ದ ಇಪ್ಪತ್ತು ದೀಪಗಳಷ್ಟು ಜನ ದಿನಾ ಕಿಟಕಿಯಿಂದಲೇ ಮನೆಗೆ ಹೋಗಬೇಕಾಯಿತು. ಇಳಿಯದಿದ್ದರೆ ಆ ದಿನದ ಕೂಲಿಯಿಲ್ಲ. ಜನ ಕಿಟಕಿಯ ಸರಳು ಹಿಡಿದು ಬೈಯತೊಡಗಿದರು. ಅವರಲ್ಲಿ ಮುನ್ನೂರ ಹದಿನೆಂಟು ಎಂಬವನೂ ಒಬ್ಬ. ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸದವನು, ಚಾಂಪಿಯನ್ ರೀಫ್ಸ್‌ನ ಕಾರ್ಮಿಕರ ಲೈನಿನಲ್ಲಿದ್ದ ತಮಿಳಿನವನು, ಮೆತ್ತಗಿನ ಮನುಷ್ಯ.

"ಮೂರು ದಿನ ವಾಪಸ್ ಕಳಿಸ್ಬಿಟ್ಟೆ ಮೇಸ್ತ್ರಿ. ಮೂರು ಶಿಫ್ಟು ಕೂಲಿ ಪೋಚ್ಚು, ಹೋಯ್ತು. ಮುಳ್ಳು ಫುಲ್ ಇದೆ ಅಲ್ವಾ, ಕೊಡಯ್ಯಾ."

ಮೇಲಧಿಕಾರಿ ಬಂದರು. ಮೀಟರಿನ ಮುಳ್ಳು ಹಸಿರು ಗೆರೆ ದಾಟಿದರೆ ದೀಪ ಕೊಟ್ಟುಬಿಡಿ, ಗೋಡೆಗೆ ದೀಪ ಹಚ್ಚಿ ದಂಡ ಮಾಡಬೇಡಿ ಎಂದರು. ಹೋಗುವಾಗ ನನ್ನ ಕಡೆ ತಿರುಗಿ, ರಿಜಿಸ್ಟರಿನಲ್ಲಿ ಪರೀಕ್ಷೆಯ ಕಾಲಂಗೆ ಎಂದಿನಂತೆ ಟಿಕ್ ಹಾಕುತ್ತಿರು ಎಂದರು. ಮೇಸ್ತ್ರಿ ಎರಡು ದಿನ ಆಫೀಸಿಗೆ ಅಲೆದು ವಾದ ಮಾಡಿದರು. ಮೂರನೆಯ ದಿನ ಗೂಡಿನ ದೀಪಗಳನ್ನು ತಾವೇ ಒಂದೊಂದಾಗಿ ಆರಿಸಿ ಕಿಟಕಿಗೆ ತಂದಿಟ್ಟರು. ನನ್ನ ಮುಖ ನೋಡಲಿಲ್ಲ. ನಾನು ದಿನಾ ಟಿಕ್ ಹಾಕಿದೆ.

ಆರು ವಾರ ಕಳೆದಿರಬೇಕು. ಬೆಳಗಿನ ಶಿಫ್ಟು. ಕಿಟಕಿಯಲ್ಲಿ ನಾನಿದ್ದೆ. ಮುನ್ನೂರ ಹದಿನೆಂಟರ ಬ್ಯಾಟರಿಯನ್ನು ಆಗಷ್ಟೇ ಚಾರ್ಜಿನಿಂದ ಇಳಿಸಿ ಮೀಟರು ಹಿಡಿದೆ. ಮುಳ್ಳು ಹಸಿರು ಗೆರೆಯನ್ನು ದಾಟಿ ನಿಂತಿತು. ಹಿಂದಿನಿಂದ ಮೇಸ್ತ್ರಿ ಕೇಳಿದರು:

"ಅದನ್ನ ಉರ್ಸಿ ನೋಡಿ ಎಷ್ಟು ದಿನ ಆಯ್ತು?"

"ಎರಡು ತಿಂಗಳ ಮೇಲಾಯ್ತು."

"ಒಂದ್ ಗಂಟೆನಾದ್ರೂ ಬಿಟ್ಟು ಮುಳ್ಳು ನೋಡ್ಬೇಕು."

"ಎಲ್ಲಾ ಇಳೀತಾ ಇದ್ದಾರೆ ಮೇಸ್ತ್ರಿ" ಎಂದ ಕಿಟಕಿಯಾಚೆಯಿಂದ ಮುನ್ನೂರ ಹದಿನೆಂಟು. ಬೈಯಲಿಲ್ಲ. ಸುಮ್ಮನೆ ಕೈ ಚಾಚಿಕೊಂಡು ನಿಂತಿದ್ದ.

ಮೇಸ್ತ್ರಿ ಗಡಿಯಾರದ ಕಡೆ ನೋಡಿದರು. ಆಮೇಲೆ, "ಕೊಡು" ಎಂದರು. ನಾನು ಕೊಟ್ಟೆ.

ಮಧ್ಯಾಹ್ನ ಸುದ್ದಿ ಬಂತು. ಮರದ ಬೆಣೆ ತರಲು ಒಬ್ಬನೇ ಪಕ್ಕದ ಹಾದಿಗೆ ಹೋದ ಮುನ್ನೂರ ಹದಿನೆಂಟು, ಅದಿರು ಕೆಳಗೆ ಸುರಿಯುವ ಕಂಡಿಯೊಳಕ್ಕೆ ಕಾಲಿಟ್ಟಿದ್ದ. ಜೊತೆಯವರಿಗೆ ಕೂಗು ಮಾತ್ರ ಕೇಳಿತಂತೆ.

ಸಾಯಂಕಾಲ ಅವನ ದೀಪ ನಮ್ಮ ಕೋಣೆಗೆ ಬಂತು. ಗಾಜು ಪುಡಿಯಾಗಿತ್ತು, ಬ್ಯಾಟರಿಗೆ ಒಂದು ಬಿರುಕೂ ಬಿದ್ದಿರಲಿಲ್ಲ. ಮೇಸ್ತ್ರಿ ಅದನ್ನು ಪೂರ್ತಿ ಚಾರ್ಜು ಮಾಡಿದರು. ಮಾರನೆಯ ಬೆಳಗ್ಗೆ ಬೇರೆ ಬಲ್ಬು ಸಿಕ್ಕಿಸಿ, ಖಾಲಿ ಗೂಡಿನಲ್ಲಿ ಅದೊಂದನ್ನೇ ಹಚ್ಚಿಟ್ಟು ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು. ಊಟದ ಡಬ್ಬಿ ಬಿಚ್ಚಲಿಲ್ಲ. ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ತಂತಿ ಕೆಂಪಾಯಿತು. ಅದನ್ನು ಸ್ಲೇಟಿನಲ್ಲಿ ಬರೆದು, ಸ್ಲೇಟನ್ನು ಗೋಡೆಗೆ ಆನಿಸಿಟ್ಟು ಮನೆಗೆ ಹೋದರು. ಮರುದಿನ ನಾವು ಬರುವಷ್ಟರಲ್ಲಿ ಸ್ಲೇಟನ್ನು ಯಾರೋ ಒರೆಸಿದ್ದರು. ಬ್ಯಾಟರಿಯನ್ನು ಆಫೀಸಿನವರು ತೆಗೆದುಕೊಂಡು ಹೋಗಿದ್ದರು.

ವಿಚಾರಣೆಯ ಹಿಂದಿನ ದಿನ ಅಧಿಕಾರಿ ನನ್ನನ್ನು ಕರೆಸಿಕೊಂಡರು. "ನೀನಿನ್ನೂ ಕಾಯಂ ಆಗಿಲ್ಲ, ಅಲ್ಲವೇ?" ಎಂದಷ್ಟೇ ಕೇಳಿದರು. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು. ಅದೇ ಸಂಜೆ ಮೇಸ್ತ್ರಿ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ನಮ್ಮ ಹಳ್ಳಿಗೆ ನಡೆದು ಬಂದರು. ದಾರಿಯಲ್ಲಿ ಮೂರು ಕಡೆ ಕೂತು ಸುಧಾರಿಸಿಕೊಂಡೆ ಎಂದರು. ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತು ಮಜ್ಜಿಗೆ ಕುಡಿದರು.

"ನಾಳೆ ಕೇಳ್ತಾರೆ. ಕೊಡು ಅಂದಿದ್ದು ಮೇಸ್ತ್ರಿ ಅನ್ನು. ಉರ್ಸಿ ನೋಡಿರ್ಲಿಲ್ಲ ಅನ್ನು. ಅಷ್ಟೇ ಕಣಪ್ಪ. ಬ್ಯಾರೆ ಏನೂ ಬ್ಯಾಡ."

ನಾನು ಹೂಂ ಅಂದೆ.

ಮಾರನೆಯ ದಿನ ವಿಚಾರಣೆಯ ಕೋಣೆಯಲ್ಲಿ ನಾನು, ಪರೀಕ್ಷೆ ಆಗಿತ್ತು ಎಂದೆ. ಮೇಸ್ತ್ರಿ ಆಗಿರಲಿಲ್ಲ ಎಂದರು. ರಿಜಿಸ್ಟರು ತೆರೆದರು. ಟಿಕ್ ಇತ್ತು, ನನ್ನ ಕೈಯದೇ. ದೀಪ ಸರಿಯಿತ್ತು, ಸತ್ತವನದೇ ಅಜಾಗರೂಕತೆ ಎಂದು ತೀರ್ಮಾನವಾಯಿತು. ಲೈನಿನಲ್ಲಿ ಅದು ಬಾಯಿಂದ ಬಾಯಿಗೆ ಹೋಗುತ್ತಾ, ಕುಡಿದು ಬಿದ್ದ ಎಂದಾಯಿತು. ಪರಿಹಾರ ಸಿಗಲಿಲ್ಲ. ಅವನ ಹೆಂಡತಿ, ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಲೈನಿನ ಮನೆ ಖಾಲಿ ಮಾಡಿದಳೆಂದು ಕೇಳಿದೆ.

ಆ ದಿನ ಹೊರಗೆ ಬಂದಾಗ ಮೇಸ್ತ್ರಿ ವರಾಂಡದ ಕಂಬ ಹಿಡಿದು ಉಸಿರು ಎಳೆದುಕೊಳ್ಳುತ್ತಿದ್ದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಮಧ್ಯಾಹ್ನದ ಶಿಫ್ಟಿನ ಬ್ಯಾಟ್ರಿಗಳಿಗೆ ನೀರು ತುಂಬಿಸ್ದಾ?" ಎಂದು ಕೇಳಿದರು.

ಎರಡು ತಿಂಗಳಲ್ಲಿ ಅವರನ್ನು ಮನೆಗೆ ಕಳಿಸಿದರು. ನಾನು ಕಾಯಂ ಆದೆ.

ಮೇಸ್ತ್ರಿ ಆಂಡರ್ಸನ್‌ಪೇಟೆಯಲ್ಲಿ ತಗಡಿನ ಚಪ್ಪರ ಹಾಕಿ ಬಸ್ಸು, ಆಟೋ, ಟ್ರ್ಯಾಕ್ಟರುಗಳ ಬ್ಯಾಟರಿ ಚಾರ್ಜು ಮಾಡುವ ಅಂಗಡಿ ಇಟ್ಟರು. ಆಟೋದವರು ಗೊಣಗುತ್ತಿದ್ದರು, "ಮೂರು ದಿನ ಇಟ್ಕೊಂತಾನೆ ಮುದುಕ. ಆದ್ರೆ ಇಷ್ಟು ದಿನ ಬತ್ತದೆ ಅಂದ್ರೆ ಅಷ್ಟು ದಿನ ಬತ್ತದೆ." ಆ ರಸ್ತೆಯಲ್ಲಿ ನಾನು ಹೋಗುತ್ತಿರಲಿಲ್ಲ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಒಮ್ಮೆ ದೂರದಿಂದ ಅವರ ಬೆನ್ನು ಕಂಡು, ಬಟ್ಟೆ ಅಂಗಡಿಯೊಳಕ್ಕೆ ನುಗ್ಗಿ ಬೇಡದ ಟವೆಲು ಕೊಂಡು ಬಂದಿದ್ದೆ. ಹೀಗೆ ಹನ್ನೊಂದು ವರ್ಷ.

ತೊಂಬತ್ತರ ಆಸುಪಾಸಿನಲ್ಲಿ ಒಬ್ಬ ಆಟೋದವನು ಬಂದು, "ಮೇಸ್ತ್ರಿ ಕರೀತವ್ರೆ, ಪೆನ್ನು ಪೇಪರು ತತ್ತಾ ಅಂದ್ರು" ಎಂದ. ಭಾನುವಾರ ಬೆಳಗ್ಗೆ ಹೋದೆ.

ಚಪ್ಪರದಡಿ ಒಬ್ಬ ಹೆಂಗಸು ಕೂತು, ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಸೆರಗಿನ ತುಂಬ ತೂತು. ನನ್ನನ್ನು ನೋಡಿ ಎದ್ದಳು.

"ಗುರುತು ಸಿಗ್ಲಿಲ್ಲ ಅಲ್ಲ? ಮುನ್ನೂರ ಹದಿನೆಂಟರ ಮನೆಯವ್ಳು."

ಅಂಗಡಿ ಶುರುವಾದಾಗಿನಿಂದ ಅವಳು ಅಲ್ಲೇ ಕೆಲಸಕ್ಕಿದ್ದಳು. ಈಗ ಅಂಗಡಿ ನಡೆಸುತ್ತಿದ್ದವಳೇ ಅವಳು.

ಮೇಸ್ತ್ರಿ ಒಳಗೆ ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಎದೆಗೂಡಿನ ಒಂದೊಂದು ಮೂಳೆಯನ್ನೂ ಎಣಿಸಬಹುದಿತ್ತು.

"ಮಗನೋ ಮಗಳೋ?" ಎಂದು ಕೇಳಿದರು. ಹನ್ನೊಂದು ವರ್ಷದ ಹಿಂದೆ ಹೊಟ್ಟೆಯಲ್ಲಿದ್ದ ಕೂಸನ್ನು ಕೇಳುತ್ತಿದ್ದರು. ಮಗ ಎಂದೆ. "ಚೆನ್ನಾಗವ್ನಾ?" ಎಂದರು. ಆಮೇಲೆ, "ಬರಿ" ಎಂದರು.

ಏನು ಎಂದು ಕೇಳಬೇಕಾಗಿರಲಿಲ್ಲ. ನೆಲದ ಮೇಲೆ ಕೂತು ಬರೆದೆ. ಗಣಿಯ ಆಫೀಸಿಗೆ, ಕೆಳಗೆ ಸಹಿ ಮಾಡಿದ ನಾನು, ಎಂದು ಶುರು ಮಾಡಿ ನಡೆದದ್ದನ್ನೆಲ್ಲ ಬರೆದು ಮುಗಿಸಿದೆ. ಗಟ್ಟಿಯಾಗಿ ಓದು ಎಂದರು. ಓದಿದೆ. ಒಂದು ಕಡೆ ಕೈಯೆತ್ತಿ ತಡೆದರು.

"ಏನಂದೆ?"

"ಸದರಿ ದೀಪವನ್ನು ಪರೀಕ್ಷೆ ಮಾಡಲು ಸಾಧ್ಯವಾಗಲಿಲ್ಲ."

"ಸಾಧ್ಯ ಆಗ್ಲಿಲ್ಲ ಅಲ್ಲ." ಉಸಿರಿಗಾಗಿ ನಿಂತರು. "ಮಾಡ್ಲಿಲ್ಲ. ಅಂಗೆ ಬರಿ."

ಹೊಡೆದುಹಾಕಿ ಬರೆದೆ. ಮುಂದೆ ಓದಿದೆ. ಮತ್ತೆ ತಡೆದರು.

"ಕೊಡು ಅಂದೋನು ನಾನು. ಅದೆಲ್ಲಿ?"

"ಬೇಡ ಮೇಸ್ತ್ರಿ, ನಿಮ್ಮನ್ನ ಯಾಕೆ..."

"ಬರಿಯೋ."

ಅದನ್ನೂ ಬರೆದೆ. ಬಾಗಿಲಲ್ಲಿ ನಿಂತಿದ್ದವಳಿಗೆ ನನ್ನ ಆಫೀಸು ಕನ್ನಡ ಪೂರ್ತಿ ತಿಳಿಯಲಿಲ್ಲ. ಮೇಸ್ತ್ರಿ ಒಂದೊಂದೇ ಮಾತನ್ನು ತಮಿಳಿನಲ್ಲಿ ಹೇಳಿದರು, ನಡುನಡುವೆ ಕೆಮ್ಮುತ್ತಾ. ಅವಳು ನನ್ನನ್ನು ಕೇಳಿದ್ದು ಒಂದೇ.

"ಅವ್ರು ಕುಡ್ದಿದ್ರಾ?"

"ಇಲ್ಲಮ್ಮ. ಕಿಟಕೀಲಿ ನಾನೇ ಇದ್ದೆ. ಕುಡಿದಿರಲಿಲ್ಲ."

ಅವಳು ಹೊರಗೆ ಹೋಗಿ ಮತ್ತೆ ಬ್ಯಾಟರಿಗಳ ಮುಂದೆ ಕೂತಳು. ಬೆನ್ನು ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆರೆದೆ. ಮೇಸ್ತ್ರಿ ಕೈಯಾಡಿಸಿ ಬೇಡವೆಂದರು. "ಇನ್ನೊಂದ್ ಕಾಪಿ ಬರಿ. ಅವ್ಳ ತಾವ ಒಂದಿರ್ಲಿ."

ಕಾಗದ ಆಫೀಸಿಗೆ ಕೊಟ್ಟ ಮೂರನೆಯ ವಾರ ಮೇಸ್ತ್ರಿ ತೀರಿಕೊಂಡರು. ಮಧ್ಯಾಹ್ನ, ಕೂತ ಹಾಗೆಯೇ. ಅವರ ಹೆಂಡತಿ ಮುಂಚೆಯೇ ಹೋಗಿದ್ದರು, ಮಕ್ಕಳಿರಲಿಲ್ಲ. ಹೊತ್ತವರು ಆಟೋದವರು ಮತ್ತು ಗಣಿಯ ಕೆಲವು ಹಳೆಯ ನಂಬರುಗಳು. ಹೆಗಲು ಕೊಡಲು ನಾನು ಮುಂದೆ ಹೋದಾಗ ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ನಾಲ್ಕು ಜನ ಹೊರುವಷ್ಟು ಭಾರವೇ ಅವರಲ್ಲಿ ಉಳಿದಿರಲಿಲ್ಲ.

ಆಫೀಸಿನ ಉತ್ತರ ಏಳು ತಿಂಗಳ ಮೇಲೆ ಬಂತು. ಅವಧಿ ಮೀರಿದೆ, ಪ್ರಕರಣವನ್ನು ಮತ್ತೆ ತೆರೆಯಲಾಗದು ಎಂಬ ಎರಡು ಸಾಲು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹೇಗೂ ಆಗ ಗಣಿಯಲ್ಲಿ ಜನರನ್ನು ಕಡಿಮೆ ಮಾಡುತ್ತಿದ್ದರು. ಮರುವರ್ಷ ನಾನೂ ಮನೆಗೆ ಬಂದೆ.

ಉತ್ತರವನ್ನು ಅವಳಿಗೆ ಓದಿ ಹೇಳಲು ಆಂಡರ್ಸನ್‌ಪೇಟೆಗೆ ಹೋಗಿದ್ದೆ. ಕೇಳಿ ಮಡಚಿ, ಕೆಲಸದ ಮೇಜಿನ ಕೆಳಗೆ ಹಾಕಿದಳು. ಒಳಗಿನ ಟ್ರಂಕಿನಿಂದ ಇನ್ನೊಂದು ಕಾಗದ ತೆಗೆದು ತೋರಿಸಿದಳು. ನನ್ನ ಕೈಬರಹದ ಕಾಪಿ. ಮಡಿಕೆಗಳಲ್ಲಿ ಆಗಲೇ ಹರಿಯತೊಡಗಿತ್ತು.

"ಪಾಪಾ, ನನ್ನ ಮಗಳು, ಓದಿದಳು. ಎರಡು ಸಲ ಓದಿದಳು. ಸ್ಕೂಲಲ್ಲಿ ಕುಡುಕನ ಮಗಳು ಅಂದವಳಿಗೆ ತೋರಿಸಿ ಬಂದಳು. ಆಮೇಲೆ ಕೇಳಿದಳು, ಟಿಕ್ ಹಾಕಿದವನು ನಾನು, ಸುಳ್ಳು ಹೇಳಿದವನು ನಾನು ಅಂತ ಬರೆದಿದೆಯಲ್ಲ, ಈ ನಾನು ಯಾರು ಅಂತ. ಬಂಗಾರಪೇಟೆ ಕಡೆ ಹಳ್ಳಿ ಅಂತ ಹೇಳಿದೆ. ನೋಡ್ಬೇಕು ಅಂತಾಳೆ. ಯಾವ್ದಾದ್ರೂ ಭಾನುವಾರ ಬರ್ತಾಳೆ. ಮನೇಲಿರು."

ಆ ಮಗಳು ಇನ್ನೂ ಬಂದಿಲ್ಲ. ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ.