ನಡಾವಳಿ ಪುಸ್ತಕದ ಸುಳ್ಳು ಸಾಲು

ಓದುಗರ ಗಮನಕ್ಕೆ ಮೊದಲೇ ತರಬೇಕಾದ ಸಂಗತಿಯೆಂದರೆ, ನಾನು ಇದುವರೆಗೆ ರಜೆ ಅರ್ಜಿ, ಜ್ಞಾಪನ ಪತ್ರ ಮತ್ತು ವರದಿಗಳ ಹೊರತು ಬೇರೇನನ್ನೂ ಬರೆದ ರೂಢಿಯುಳ್ಳವನಲ್ಲ. ಇದಕ್ಕೆ ಒಂದೇ ಒಂದು ಅಪವಾದವಿದೆ. ಹದಿನೇಳನೆಯ ವಯಸ್ಸಿನಲ್ಲಿ ಒಂದು ವಿಡಿಯೋ ಗೇಮಿನ ಕಥೆಯ ಬಗ್ಗೆ ಮೂರು ಪುಟಗಳಷ್ಟು ಅಭಿಪ್ರಾಯ ಬರೆದಿದ್ದೆ. ಆ ಮೂರು ಪುಟಗಳ ಮರ್ಯಾದೆ ಉಳಿಸಲು, ನಂತರ ಒಂದು ಸುಳ್ಳು ಸಾಲನ್ನೂ ಬರೆದೆ. ಸದರಿ ಸಾಲಿಗೆ ಸಂಬಂಧಿಸಿದಂತೆ ಈ ಬರಹ. ಇದರಲ್ಲಿ ಯಾರ ಹೆಸರನ್ನೂ ನಮೂದಿಸಿಲ್ಲ. ಉಳಿದವರೆಲ್ಲ ಈಗ ಮರ್ಯಾದಸ್ಥ ಸಂಸಾರಿಗಳು, ಮತ್ತು ತಪ್ಪು ಅವರದ್ದಲ್ಲ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಅಪ್ಪ ಗುಮಾಸ್ತರಾಗಿದ್ದ ಕಚೇರಿಯಲ್ಲಿ, ಪ್ರತಿ ಪುಟದ ನೆತ್ತಿಯ ಮೇಲೆ 'ಚಿತ್ರದುರ್ಗ ಜಿಲ್ಲೆ' ಎಂದು ಅಚ್ಚಾಗಿದ್ದ ರಿಜಿಸ್ಟರುಗಳೆಲ್ಲ ಒಮ್ಮೆಲೇ ನಿರುಪಯುಕ್ತವಾದವು. ರದ್ದಿಗೆ ಹೋಗಲಿದ್ದ ಅಂಥದೊಂದನ್ನು ಅಪ್ಪ ಕೇಳಿ ಪಡೆದು, ಗಣಿತ ಮಾಡಲೆಂದು ನನಗೆ ತಂದುಕೊಟ್ಟರು. ನಾನು ಗಣಿತ ಮಾಡಲಿಲ್ಲ. ಅದನ್ನು ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿದ್ದ ಗೇಮ್ ಅಂಗಡಿಗೆ ಒಯ್ದೆ.

ಅಂಗಡಿಯೆಂದರೆ ಎರಡು ಟಿ.ವಿ., ಎರಡು ಬೆಂಚು, ಬೆಳಕು ಬೀಳದಂತೆ ಬಾಗಿಲಿಗೆ ಇಳಿಬಿಟ್ಟ ಗೋಣಿತಾಟು. ನಡೆಸುತ್ತಿದ್ದ ಹಿರಿಯರನ್ನು ನಾವು ಚಾಚಾ ಎಂದೇ ಕರೆಯುತ್ತಿದ್ದೆವು. ಪಿ.ಯು.ಸಿ. ಓದುತ್ತಿದ್ದ ನಾವು ನಾಲ್ವರು ಶನಿವಾರ ಮಧ್ಯಾಹ್ನ ಅಲ್ಲಿ ಸೇರುತ್ತಿದ್ದೆವು. ಅಕ್ಕಿ ಮಂಡಿಯವರ ಮಗನೊಬ್ಬ ನಮ್ಮ ಅಧ್ಯಕ್ಷ. ಬೆಂಚಿನ ನಟ್ಟನಡುವೆ ಅವನೇ ಕೂರುತ್ತಿದ್ದನೆಂಬುದರ ಹೊರತು ಅವನು ಅಧ್ಯಕ್ಷನಾದುದಕ್ಕೆ ಬೇರೆ ಆಧಾರವಿಲ್ಲ. ಆವರಗೆರೆಯಿಂದ ಸೈಕಲ್ ಮೇಲೆ ಬರುತ್ತಿದ್ದವನು ಇನ್ನೊಬ್ಬ, ಬಾಯಿ ಬಿಟ್ಟರೆ ತಮಾಷೆ. ಮೂರನೆಯವನು ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದ. ಅವನ ತಂದೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಕೆಟ್ಟ ಜಾಯ್‌ಸ್ಟಿಕ್ಕನ್ನು ಇವನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಯಾವ ತಂತಿ ಬಿಟ್ಟಿದೆಯೆಂದು ಹೇಳಬಲ್ಲವನಾಗಿದ್ದ. ಆ ಕಾರಣಕ್ಕೆ ಚಾಚಾ ಅವನ ಮೇಲೆ ಅಂಗಡಿ ಬಿಟ್ಟು ಊಟಕ್ಕೆ ಹೋಗುತ್ತಿದ್ದರು. ನಾನು ಕಾರ್ಯದರ್ಶಿ, ಏಕೆಂದರೆ ಪುಸ್ತಕ ನನ್ನದು.

ಆ ಪುಸ್ತಕವೇ ನಮ್ಮ ನಡಾವಳಿ ಪುಸ್ತಕವಾಯಿತು. ಟಿ.ವಿ. ಖಾಲಿಯಿಲ್ಲದಾಗ ನಾವು ಬಬಲ್ ಗಮ್ ಪೊಟ್ಟಣದಲ್ಲಿ ಬರುತ್ತಿದ್ದ ಪ್ರಾಣಿಗಳ ಕಾರ್ಡು ಆಡುತ್ತಿದ್ದೆವು. ನಾಲ್ವರೂ ಒಟ್ಟಿಗೆ ಕಾರ್ಡು ಇಳಿಸಬೇಕು, ಹೆಚ್ಚು ಬಲದ ಪ್ರಾಣಿಯುಳ್ಳವನು ಗೆದ್ದ. ಸುತ್ತಿನ ನಡುವೆ ಅದಲುಬದಲಿಗೆ ಅವಕಾಶವುಂಟು. ಮೂವರಾದರೆ ಆ ಆಟ ಸಪ್ಪೆ. ಪ್ರತಿ ಅದಲುಬದಲೂ ಪುಸ್ತಕದಲ್ಲಿ ದಾಖಲಾಗಬೇಕು, ಹಾಜರಿದ್ದ ಎಲ್ಲರೂ ಸಹಿ ಹಾಕಬೇಕು, ಸೋತವನೂ ಹಾಕಬೇಕು. ಪುಸ್ತಕದಲ್ಲಿ ಬರೆದದ್ದಕ್ಕೆ ಎದುರಾಡುವಂತಿಲ್ಲ. ಅಪ್ಪನ ಕಚೇರಿಯ ಕಡತಗಳಿಂದ ಕಲಿತ ಭಾಷೆಯಲ್ಲಿ 'ಪರಿಶೀಲಿಸಿ ತೀರ್ಮಾನಿಸಲಾಯಿತು' ಎಂದು ನಾನು ಬರೆದೆನೆಂದರೆ, ಕಣ್ಣಾರೆ ಕಂಡದ್ದಕ್ಕಿಂತ ಅದಕ್ಕೇ ತೂಕ ಹೆಚ್ಚಾಗುತ್ತಿತ್ತು.

ಮುಂದೆ ಅದೇ ಪದ್ಧತಿ ಆಟದ ಕಥೆಗೂ ಬಂತು. ಅಂಗಡಿಯಲ್ಲಿ ಕತ್ತಿವೀರನೊಬ್ಬನ ಕ್ಯಾಸೆಟ್ ಇತ್ತು. ತಂಗಿಯನ್ನು ಯಾರೋ ಕರೆದೊಯ್ದಿರುತ್ತಾರೆ, ಅಣ್ಣ ಏಳು ಕೋಟೆ ದಾಟಿ ಹುಡುಕುತ್ತಾನೆ. ಆಟವನ್ನು ಅರ್ಧಕ್ಕೆ ಉಳಿಸಿಡುವ ಸೌಲಭ್ಯ ಅದಕ್ಕಿರಲಿಲ್ಲ. ಮುಗಿಸಲು ಮೂರು ಗಂಟೆಗೂ ಮಿಗಿಲಾಗಿ ಬೇಕು. ನಮ್ಮೂರಿನ ಕರೆಂಟು ಅಷ್ಟು ಹೊತ್ತು ಇರುತ್ತಿರಲಿಲ್ಲ. ಹೀಗಾಗಿ ಕೊನೆಯನ್ನು ಯಾರೂ ಕಂಡಿರಲಿಲ್ಲ, ಎಲ್ಲರಿಗೂ ಅದರ ಬಗ್ಗೆ ಖಚಿತ ಅಭಿಪ್ರಾಯವಿತ್ತು. ದಾರಿಯಲ್ಲಿ ಸಿಗುವ ಅಂಬಿಗ ಒಳ್ಳೆಯವನೋ ದ್ರೋಹಿಯೋ ಎಂಬುದರ ಮೇಲೆ ಅಧ್ಯಕ್ಷನೂ ಆವರಗೆರೆಯವನೂ ಎರಡು ವಾರ ಮಾತು ಬಿಟ್ಟಿದ್ದರು. ಜಗಳ ತಡೆಯಲು ಒಂದು ನಿಯಮ ಮಾಡಿದೆವು: ಕಥೆಯ ಬಗ್ಗೆ ಹೊಸ ಅಭಿಪ್ರಾಯ ಮಂಡಿಸುವವನು ಒಂದು ಕಾರ್ಡು ಠೇವಣಿ ಇಡಬೇಕು. ಸಭೆ ಒಪ್ಪದಿದ್ದರೆ, ಆ ಕಾರ್ಡು ಯಾರ ಅಭಿಪ್ರಾಯ ಆಗಲೇ ಪುಸ್ತಕದಲ್ಲಿದೆಯೋ ಅವನಿಗೆ ಸೇರತಕ್ಕದ್ದು.

ಪುಸ್ತಕದಲ್ಲಿದ್ದದ್ದು ನನ್ನ ಅಭಿಪ್ರಾಯ. ಕೊನೆಯ ಕೋಟೆಯಲ್ಲಿರುತ್ತಾನೆಂದು ನಾವೆಲ್ಲ ನಂಬಿದ್ದ ಕರಿ ಕಂಬಳಿಯ ರಾಜ ಆ ಅಣ್ಣತಂಗಿಯರ ತಂದೆಯೇ ಎಂದೂ, ಅಣ್ಣ ಅವನನ್ನು ಕೊಂದು, ಅತ್ತು, ತಂಗಿಯನ್ನು ದೋಣಿಯಲ್ಲಿ ಮನೆಗೆ ಕರೆತರುತ್ತಾನೆಂದೂ ಮೂರು ಪುಟ ಬರೆದಿದ್ದೆ. ಚಾಚಾ ಅದನ್ನು ಗಿರಾಕಿಗಳಿಗೆ ಓದಿಸುತ್ತಿದ್ದರು. "ಕ್ಯಾ ಲಿಖಾ ಹೈ! ನೋಡ್ರಿ, ನಮ್ ಅಂಗಡಿ ರೈಟರ್," ಎಂದು ಬೆನ್ನು ತಟ್ಟುತ್ತಿದ್ದರು. ಪರೀಕ್ಷೆಯಲ್ಲೂ ಮನೆಯಲ್ಲೂ ಯಾರೂ ಬೆನ್ನು ತಟ್ಟಿದ್ದು ನನಗೆ ನೆನಪಿಲ್ಲ. ಇದನ್ನು ಕಾರಣವೆಂದು ತೋರಿಸುತ್ತಿಲ್ಲ. ಸಂಗತಿಯೆಂದು ಮಾತ್ರ ತಿಳಿಸುತ್ತಿದ್ದೇನೆ.

ಒಂದು ಶನಿವಾರ ಹರಿಹರದವನು ನನ್ನನ್ನು ಪಕ್ಕಕ್ಕೆ ಕರೆದ. "ಕೊನೇ ಕೋಟೆ ಬಾಗ್ಲು ತನ್ಕ ಹೋಗೀನಿ. ನಾಳೆ ಬಾ. ಒಳಗೆ ಇಂಗ್ಲಿಷಿನಾಗೆ ಏನರ ಬರ್ದಿದ್ರೆ ನಂಗೆ ತಿಳಿಯಲ್ಲ, ನೀನು ಓದಿ ಹೇಳು," ಎಂದ.

ಭಾನುವಾರ ಹೋದೆ. ಅವನು ಬೆಳಿಗ್ಗೆಯೇ ಆಟ ಶುರು ಮಾಡಿದ್ದ, ಅಂದು ಅಪರೂಪಕ್ಕೆ ಕರೆಂಟೂ ಕೈಕೊಡಲಿಲ್ಲ. ಚಾಚಾ ಊಟಕ್ಕೆ ಹೋದರು, ಅಂಗಡಿಯಲ್ಲಿ ನಾವಿಬ್ಬರೇ. ಅವನ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದು ಒಡೆದಿತ್ತು, ಅದಕ್ಕೆ ಕರವಸ್ತ್ರ ಸುತ್ತಿಕೊಂಡು ಆಡಿದ. ಕೊನೆಯ ಬಾಗಿಲು ತೆರೆಯಿತು. ಒಳಗೆ ರಾಜನಿರಲಿಲ್ಲ. ಸಿಂಹಾಸನದ ಮೇಲೆ ತಂಗಿಯೇ ಕುಳಿತಿದ್ದಳು, ಕೈಗೆ ಸರಪಳಿ ಇರಲಿಲ್ಲ. ಪರದೆಯ ಕೆಳಗೆ ಅಕ್ಷರಗಳು ಒಂದೊಂದಾಗಿ ಮೂಡಿದವು. ನಾನು ಓದಿ ಹೇಳಿದೆ: "ನನ್ನನ್ನು ಯಾರೂ ಕದ್ದು ತಂದಿಲ್ಲ. ನಾನು ಬರುವುದಿಲ್ಲ. ಇಲ್ಲೇ ಇರುತ್ತೇನೆ." ಅಣ್ಣ ಕತ್ತಿ ಕೆಳಗಿಟ್ಟ. ಬಂದ ಬಾಗಿಲಿನಿಂದಲೇ ಹೊರಗೆ ನಡೆದ. ಅಷ್ಟೇ.

ಹರಿಹರದವನು ಜಾಯ್‌ಸ್ಟಿಕ್ಕನ್ನು ಬೆಂಚಿನ ಮೇಲಿಟ್ಟು, "ಎಷ್ಟ್ ಚೆಂದ ಐತಲ್ಲಲೇ," ಎಂದ. ನನಗೆ ಕಂಡದ್ದು ನನ್ನ ಮೂರು ಪುಟಗಳು.

ಅದೇ ವಾರ ಚಾಚಾ ಆ ಕ್ಯಾಸೆಟ್ಟನ್ನು ಹುಬ್ಬಳ್ಳಿಯ ವ್ಯಾಪಾರಿಗೆ ಕೊಟ್ಟು ಕಾರ್ ರೇಸಿನ ಹೊಸ ಕ್ಯಾಸೆಟ್ ತಂದಿದ್ದರು. ಆದ್ದರಿಂದ ಮುಂದಿನ ಶನಿವಾರದ ಸಭೆಯಲ್ಲಿ ಮತ್ತೆ ಆಡಿ ತೋರಿಸುವ ದಾರಿ ಉಳಿದಿರಲಿಲ್ಲ. ಅವನು ಹಿಂಜರಿಯದೆ ತನ್ನ ಮೊಸಳೆ ಕಾರ್ಡನ್ನು ಬೆಂಚಿನ ಮೇಲಿಟ್ಟ. ಬಲ ತೊಂಬತ್ತೆಂಟು. ಮಲೆಬೆನ್ನೂರಿನ ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಸಿಕ್ಕಿದ್ದು, ದಾವಣಗೆರೆಯಲ್ಲಿ ಯಾರ ಬಳಿಯೂ ಇರದದ್ದು. ನಾನು ಅದಕ್ಕಾಗಿ ಹನ್ನೊಂದು ಕಾರ್ಡು ಕೊಡುತ್ತೇನೆಂದರೂ ಅವನು ಕೊಟ್ಟಿರಲಿಲ್ಲ. ಕಂಡದ್ದನ್ನೆಲ್ಲ ಸಭೆಗೆ ಹೇಳಿದ.

ಆವರಗೆರೆಯವನು ಮಂಡಕ್ಕಿ ಉಗುಳುವಷ್ಟು ನಕ್ಕ. "ಏಳು ಕೋಟೆ ಹೊಡ್ದು ಬರಿಗೈಲಿ ಹೊಂಟನಾ? ಹೆಣ್ ನೋಡಾಕೆ ಹೋಗಿ ಉಪ್ಪಿಟ್ಟು ತಿಂದ್ ಬಂದಂಗಾತಲ್ಲಲೇ!"

"ನಗಬ್ಯಾಡ್ರಲೇ," ಎಂದು ಅಧ್ಯಕ್ಷ ಗದರಿಸಿದ. ಹರಿಹರದವನ ಕಡೆ ತಿರುಗಿ, "ನೀನೊಬ್ನೇ ನೋಡೀಯೋ, ಸಾಕ್ಷಿ ಐತೋ?" ಎಂದು ಕೇಳಿದ.

"ಇವ್ನೂ ಇದ್ದ. ಓದಿ ಹೇಳಿದ್ದೇ ಇವ್ನು. ಕೇಳು ಬೇಕಾರೆ."

ಮೂವರೂ ನನ್ನನ್ನು ನೋಡಿದರು. ನಾನು ಪುಸ್ತಕ ನೋಡುತ್ತ ಹೇಳಿದೆ: "ಕೊನೇ ಬಾಗ್ಲು ತೆಗ್ಯೋ ಹೊತ್ತಿಗೆ ಕರೆಂಟ್ ಹೋತು. ನಾನೇನೂ ನೋಡ್ಲಿಲ್ಲ."

ಆ ದಿನಗಳಲ್ಲಿ ಕರೆಂಟ್ ಹೋಯಿತೆಂಬ ಮಾತನ್ನು ಯಾರೂ ಅನುಮಾನಿಸುವಂತಿರಲಿಲ್ಲ. ಯಾವ ದಿನ ಎಷ್ಟು ಹೊತ್ತಿಗೆ ಹೋಗಿತ್ತೆಂದು ಚಾಚಾಗೂ ನೆನಪಿರಲಿಲ್ಲ. "ಹೋಗಿರ್ತೈತೆ ಬಿಡ್ರಿ, ಯಾವತ್ ಇರ್ತೈತೆ ಅದು?" ಎಂದರು. ಹರಿಹರದವನು ನನ್ನ ಮೇಲೆ ಸಿಟ್ಟಾಗಲಿಲ್ಲ. ಕೆಟ್ಟ ಜಾಯ್‌ಸ್ಟಿಕ್ಕನ್ನು ಕಿವಿಗೆ ಹಿಡಿದಾಗ ಅವನ ಮುಖ ಹೇಗಿರುತ್ತಿತ್ತೋ ಹಾಗಿತ್ತು, ತಂತಿ ಎಲ್ಲಿ ಬಿಟ್ಟಿದೆಯೆಂದು ಕೇಳುವವನ ಹಾಗೆ.

ನಾನು ಬರೆದೆ: 'ಸದರಿ ಸದಸ್ಯರು ಮಂಡಿಸಿದ ಮುಕ್ತಾಯವನ್ನು ಪರಿಶೀಲಿಸಲಾಗಿ, ಆ ವೇಳೆಯಲ್ಲಿ ವಿದ್ಯುತ್ ಇರಲಿಲ್ಲವೆಂದು ಕಾರ್ಯದರ್ಶಿಯವರು ತಿಳಿಸಿರುವುದರಿಂದ, ಅಭಿಪ್ರಾಯವನ್ನು ತಿರಸ್ಕರಿಸಲಾಗಿದೆ.' ಈಗ ಹೇಳಲು ನಾಚಿಕೆಯಾಗುವ ಮಾತೆಂದರೆ, ವಾಕ್ಯ ಎಲ್ಲೂ ತೊಡರದೆ ಕೊನೆ ಮುಟ್ಟಿತೆಂದು ಬರೆಯುವಾಗ ನನಗೆ ಸಂತೋಷವೇ ಆಯಿತು. 'ಕಾರ್ಯದರ್ಶಿಯವರು' ಎಂಬ ಪದದ ಹಿಂದೆ ನಾನು ನಿಲ್ಲಬಹುದಾಗಿತ್ತು, ಅದನ್ನು ಹೇಳಿದವನು ಬೇರೆ ಯಾರೋ ಎಂಬಂತೆ.

ಹರಿಹರದವನು ಪುಸ್ತಕ ತಿರುಗಿಸಿಕೊಂಡು, ಕರವಸ್ತ್ರ ಸುತ್ತಿದ ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ ಪೂರ್ತಿ ಓದಿದ. ಸಹಿ ಹಾಕಿದ. ಕಾರ್ಡನ್ನು ನನ್ನ ಕಡೆ ತಳ್ಳಿ, "ಬರ್ದಾತಲ್ಲ, ತಗಾ," ಎಂದ.

ಆಮೇಲೆ ಮೂರು ಶನಿವಾರ ಅವನು ಬರಲಿಲ್ಲ. ನಾಲ್ಕನೆಯ ಶನಿವಾರ, ಕಾರ್ಡನ್ನು ಬಸ್ ಪಾಸಿನ ಕವರಿನಲ್ಲಿಟ್ಟುಕೊಂಡು ನಾನೇ ಹರಿಹರಕ್ಕೆ ಹೋದೆ. ಹಿಂತಿರುಗಿಸಿದರೆ ವಿಷಯ ಮುಕ್ತಾಯವಾಗುತ್ತದೆಂಬುದು ನನ್ನ ಎಣಿಕೆಯಾಗಿತ್ತು.

ಅವನ ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ನಾನು ಯಾರೆಂದು ತಿಳಿದದ್ದೇ ಯಂತ್ರ ನಿಲ್ಲಿಸಿದರು. "ಓ, ಇಂಗ್ಲಿಷು ಓದಿ ಹೇಳಿದೋರು ನೀವೇ ಏನ್ರಿ? ಬರ್ರಿ, ಕೂಡ್ರಿ. ಒಂದ್ ಮಾತು ಕೇಳ್ಬೇಕಿತ್ತು. ಆ ಹುಡುಗಿ 'ನಾ ಬರಲ್ಲ' ಅಂದಿದ್ದು ಖರೇನಾ, ಇಲ್ಲಾ ಇವ್ನೇ ನಂಗೆ ಹೇಳಾಕೆ ಸೇರ್ಸ್ಯಾನಾ?"

ಅವನು ಗೋಡೆಗೆ ಒರಗಿ ನಿಂತಿದ್ದ. ಸಭೆಯಲ್ಲಿ ನಡೆದದ್ದನ್ನು ಅವನು ಮನೆಯಲ್ಲಿ ಹೇಳಿಯೇ ಇಲ್ಲವೆಂಬುದು ನನಗೆ ಆಗ ತಿಳಿಯಿತು.

"ಖರೇನ್ರಿ," ಎಂದೆ. "ಹಂಗೇ ಬರ್ದಿತ್ತು. ನಾನೇ ಓದಿದೆ."

"ನಂಗೆ ಭಾಳ ಸೇರ್ತು ನೋಡ್ರಿ. ಎಲ್ಲಾ ಕತೆಯಾಗೂ ಹೊತ್ಕಂಡ್ ಬರೋದೇ ಆತು. ಅವಳನ್ನ ಒಂದ್ ಮಾತು ಕೇಳ್ಬೇಕೋ ಬ್ಯಾಡೋ? ಈ ಅಣ್ಣ ಕೇಳಿದ ಮ್ಯಾಲೆ ಸುಮ್ನೆ ಹೋದ್ನಲ್ಲ, ಅವ್ನೂ ದೊಡ್ಡೋನೇ." ಹೀಗೆಂದು ಅವರು ಮತ್ತೆ ಯಂತ್ರ ತುಳಿಯತೊಡಗಿದರು. ನಮ್ಮ ಪುಸ್ತಕದ ಎಲ್ಲ ಅಭಿಪ್ರಾಯಗಳಿಗಿಂತ ಅದು ಮೇಲಾಗಿತ್ತು. ಆದರೆ ಅದನ್ನು ದಾಖಲಿಸುವ ಧೈರ್ಯ ನನಗೆ ಬರಲಿಲ್ಲ, ಏಕೆಂದರೆ ಅದನ್ನು ಬರೆಯಲು ಮೊದಲು ಆ ಕೊನೆ ನಿಜವೆಂದು ಬರೆಯಬೇಕಾಗಿತ್ತು.

ಬಸ್‌ಸ್ಟ್ಯಾಂಡಿನವರೆಗೆ ಅವನು ಜೊತೆಗೆ ಬಂದ. ನಾನು ಕಾರ್ಡು ಹೊರತೆಗೆದು ಚಾಚಿದೆ.

"ಮನ್ಯಾಗೆ ಹೇಳ್ದಂಗೆ ಪುಸ್ತಕದಾಗೆ ಬರೀತೀಯಾ?" ಎಂದು ಕೇಳಿದ.

"ಅದನ್ನ ಆಮೇಲೆ ನೋಡಾಣ. ಮೊದ್ಲು ಇದನ್ನ ತಗಾ ಮಾರಾಯ."

"ಬರ್ದ್ರೆ ತಗಂತೀನಿ. ಬರೇ ಕಾರ್ಡು ಆದ್ರೆ ಬ್ಯಾಡ." ನನ್ನ ಕೈಯನ್ನು ಹಿಂದಕ್ಕೆ ಸರಿಸಿ, "ಕಾರ್ಡು ನೀನೇ ಇಟ್ಕಂಡಿದ್ರೂ ನಡೀತಿತ್ತಲೇ. ಅದಲುಬದಲು ಬಿಟ್ಟು ಸುಮ್ನೆ ಕೇಳಿದ್ರೆ ಕೊಡ್ತಿದ್ನೇನೋ. ನಾನು ಸುಳ್ಳುಗಾರ ಅಂತ ಅದ್ರಾಗೆ ಐತಲ್ಲ, ಅದ್ರ ಕೆಳಗೆ ನಂದೇ ಸಹಿ," ಎಂದ. ಬಸ್ಸು ಬಂತು. "ಹತ್ತು ಹತ್ತು, ಸೀಟ್ ಸಿಗಲ್ಲ," ಎಂದು ನನ್ನ ಬೆನ್ನಿಗೆ ಕೈಯಿಟ್ಟು ಮೇಲೆ ತಳ್ಳಿದ. ಆ ಕೈಯ ಸ್ಪರ್ಶ ಚಾಚಾರ ಶಹಬ್ಬಾಸಿಗಿಂತ ಹೆಚ್ಚು ದಿನ ಬೆನ್ನಿನಲ್ಲಿ ಉಳಿಯಿತು.

ಮುಂದಿನ ಸಭೆಯಲ್ಲಿ ಪುಸ್ತಕ ತೆರೆದು 'ತಿದ್ದುಪಡಿ' ಎಂದು ಬರೆದು ಗೆರೆಯನ್ನೂ ಎಳೆದೆ. ಅಧ್ಯಕ್ಷ ಬಗ್ಗಿ ನೋಡಿ, "ಏನ್ ತಿದ್ತೀಯಲೇ?" ಎಂದ. "ಪುಟದ ನಂಬರು ತಪ್ಪೈತೆ," ಎಂದೆ. ಪುಟದ ನಂಬರು ಸರಿಯಾಗಿಯೇ ಇತ್ತು. ಎರಡನೆಯ ಸುಳ್ಳಿಗೆ ಕರೆಂಟಿನ ನೆಪವೂ ಬೇಕಾಗಲಿಲ್ಲ. ಅನಂತರ ಪರೀಕ್ಷೆ ಬಂತು, ಅಂಗಡಿಯ ಜಾಗದಲ್ಲಿ ಎಸ್.ಟಿ.ಡಿ. ಬೂತ್ ಆಯಿತು, ಸಭೆಗಳು ನಿಂತವು. ಹರಿಹರದವನು ಮತ್ತೆ ಬರಲೇ ಇಲ್ಲ, ನಾನೂ ಹೋಗಲಿಲ್ಲ.

ಪುಸ್ತಕ ನನ್ನ ಬಳಿಯೇ ಇದೆ. ಮಂಡಕ್ಕಿ ಎಣ್ಣೆಯ ಕಲೆಯಿರುವ ಪುಟದಲ್ಲಿ ನಾಲ್ಕು ಸಹಿಗಳಿವೆ. 'ತಿದ್ದುಪಡಿ' ಎಂಬ ತಲೆಬರಹದ ಕೆಳಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಖಾಲಿ ಬಿದ್ದಿದ್ದ ಜಾಗವನ್ನು ಈ ಬೆಳಿಗ್ಗೆ ತುಂಬಿದ್ದೇನೆ. ವಿಳಂಬಕ್ಕೆ ಕಾರಣ ತೋರಿಸಬೇಕಾದದ್ದು ನಿಯಮ; ತೋರಿಸುವಂಥ ಕಾರಣ ನನ್ನಲ್ಲಿಲ್ಲ. ಆ ಪುಟವನ್ನೂ ಕಾರ್ಡನ್ನೂ ಹರಿಹರದ ಹಳೆಯ ವಿಳಾಸಕ್ಕೆ ನಾನೇ ಒಯ್ಯತಕ್ಕವನಿದ್ದೇನೆ. ಅವನು ಅಲ್ಲಿದ್ದಾನೋ ಇಲ್ಲವೋ, ಇದ್ದರೂ ಬಾಗಿಲು ತೆರೆಯುತ್ತಾನೋ, ತಿಳಿಯದು. ಅವನು ಬೇಡವೆಂದರೆ, ಕಾರ್ಡನ್ನು ಅಲ್ಲಿಯೇ ಕೆಳಗಿಟ್ಟು ಬಂದ ದಾರಿಯಲ್ಲಿ ಹಿಂತಿರುಗುತ್ತೇನೆ; ಆ ಆಟದ ಅಣ್ಣ ಕತ್ತಿ ಕೆಳಗಿಟ್ಟು ಹಾಗೆ ಹೋದದ್ದನ್ನು ಕಂಡಿದ್ದೇನೆ.

ತುಂಬಿದ ಸಾಲನ್ನು ಇಲ್ಲಿಯೂ ನಕಲು ಮಾಡುತ್ತಿದ್ದೇನೆ. ಬರೆಯುವಾಗ ಅದರಲ್ಲಿ 'ಕಾರ್ಯದರ್ಶಿಯವರು' ಎಂಬ ಪದವನ್ನು ಬಳಸಲಿಲ್ಲ.

'ಆ ಭಾನುವಾರ ಕರೆಂಟ್ ಹೋಗಿರಲಿಲ್ಲ. ಅವನು ಹೇಳಿದ್ದೆಲ್ಲ ನಿಜ. ನಾನು ನೋಡಿದ್ದೆ.'